ಪೂಜೆಯ ಸ್ಟೆಪ್ನಿ

ಓಡದ ಟೈರಿಗೂ ವಯಸ್ಸಾಗುತ್ತದೆ. ಸಲ್ಮಾಬಾದಿನ ತನ್ನ ಟೈರು ಅಂಗಡಿಯಲ್ಲಿ ಜಯರಾಜ ಈ ಮಾತು ಹೇಳದ ದಿನವಿಲ್ಲ. ಗಿರಾಕಿ ಕಾರಿನಿಂದ ಇಳಿಯುವ ಮೊದಲೇ ಅವನ ಕಣ್ಣು ಟೈರಿನ ಮಗ್ಗುಲಿಗೆ ಹೋಗಿರುತ್ತಿತ್ತು. ಅಲ್ಲೊಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲಿನ ಎರಡು ಟೈರು ಹುಟ್ಟಿದ ವಾರ, ಆಮೇಲಿನ ಎರಡು ಹುಟ್ಟಿದ ವರ್ಷ. ಜಯರಾಜ ಅದಕ್ಕೆ ಇಟ್ಟ ಹೆಸರು ಜಾತಕ. ಬಹ್ರೈನಿನಲ್ಲಿರುವ ನಮ್ಮ ಕರಾವಳಿಯವರು ಯಾರೇ ಹಳೆಯ ಕಾರು ಕೊಳ್ಳಲಿ, ಮೊದಲು ಅವನ ಅಂಗಡಿಯ ಮುಂದೆ ತಂದು ನಿಲ್ಲಿಸಿ, "ಜಯಣ್ಣ, ಒಮ್ಮೆ ಜಾತಕ ನೋಡಿ" ಎನ್ನುವುದು ರೂಢಿಯಾಗಿಬಿಟ್ಟಿತ್ತು.

ಜನವರಿಯ ಆ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದವನು ಶಿರ್ವದ ಜಾನ್, ಅದೇ ಬೀದಿಯಲ್ಲಿ ಫರ್ನಿಚರ್ ಗೋದಾಮು ಇಟ್ಟುಕೊಂಡವನು. ಡಿಕ್ಕಿಯಿಂದ ಒಂದು ಚಕ್ರ ಇಳಿಸಿ ಉರುಳಿಸಿಕೊಂಡು ಬಂದ.

"ಇದು ಸ್ಟೆಪ್ನಿ ಜಯಣ್ಣ. ಒಂದು ದಿನ ನೆಲ ಮುಟ್ಟಿದ್ದಿಲ್ಲ, ಹೊಸತೇ. ಮುಂದಿನದ್ದು ಸವೆದು ಹೋಗಿದೆ, ಇದನ್ನೇ ಹಾಕಿ ಕೊಡಿ."

ಜಯರಾಜ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಧೂಳು ಒರೆಸಿದ. "ನಲವತ್ತೊಂದು, ಹದಿನಾರು. ಎರಡು ಸಾವಿರದ ಹದಿನಾರರ ಅಕ್ಟೋಬರ್. ಜಾನ್, ಮದುವೆ ಆಗದವನಿಗೆ ವಯಸ್ಸಾಗುವುದಿಲ್ವಾ? ಹಾಗೇ ಇದು. ಇಲ್ಲಿಯ ಒಂದು ಬೇಸಿಗೆ ಅಂದ್ರೆ ರಬ್ಬರಿಗೆ ಮೂರು ವರ್ಷ ಅಂತ ಲೆಕ್ಕ. ಹೊರಗೆ ಕಪ್ಪಗೆ ಹೊಳೀತದೆ, ಒಳಗೆ ಒಣಗಿ ಹಪ್ಪಳ ಆಗಿರ್ತದೆ. ನೂರರಲ್ಲಿ ಹೋಗುವಾಗ ಪಟ್ ಅಂತ ಹೋಯ್ತು ಅಂದ್ರೆ ಗಾಡಿ ನಿನ್ನ ಕೈಯಲ್ಲಿರುವುದಿಲ್ಲ. ಸವೆದ ಟೈರು ಕಣ್ಣಿಗಾದ್ರೂ ಕಾಣ್ತದೆ. ಓಡದೆ ಹಳತಾದ ಟೈರು ಉಂಟಲ್ಲ, ಅದರಷ್ಟು ಮೋಸದ್ದು..."

ಮಾತು ಅಲ್ಲಿಗೇ ನಿಂತಿತು. ಚೂರಿಗೆಂದು ಕೈ ಮೇಲೆತ್ತಿದವನ ಕಣ್ಣು ಗೋಡೆಯ ಕಪಾಟಿನತ್ತ ಹೋಗಿತ್ತು. ಗಣಪತಿಯ ಫೋಟೊದ ಕೆಳಗಿನ ಹಲಗೆ ಖಾಲಿ. ಧೂಳಿನ ನಡುವೆ ಚಕ್ರದಗಲದ ಒಂದು ದುಂಡು ಗುರುತು ಮಾತ್ರ ಉಳಿದಿತ್ತು.

"ಎಂತ ಆಯ್ತು ಜಯಣ್ಣ?" ಎಂದ ಜಾನ್.

"ಎಂತ ಇಲ್ಲ" ಎಂದ ಜಯರಾಜ.

ಅವನ ಅಂಗಡಿಯ ಕ್ರಮವೊಂದಿತ್ತು. ಆರು ವರ್ಷ ದಾಟಿದ ಟೈರನ್ನು ಬಿಚ್ಚಿದರೆ, ಗಿರಾಕಿಯ ಕಣ್ಣೆದುರೇ ಅದರ ಮಗ್ಗುಲಿಗೆ ಚೂರಿ ಹಾಕಿ ಸೀಳಿಯೇ ಹೊರಗೆ ಹಾಕುವುದು. ಹಾಗೇ ಬಿಟ್ಟರೆ ಯಾರಾದರೂ ಹೆಕ್ಕಿಕೊಂಡು ಹೋಗಿ ಪಾಲಿಶ್ ಬಳಿದು ಇನ್ನೊಬ್ಬನ ಕಾರಿಗೆ ಕಟ್ಟುತ್ತಾರೆ. ಆ ದಿನ ಚೂರಿ ಕೈಗೆ ಬರಲಿಲ್ಲ. ಜಾನನ ಟೈರನ್ನು ಫಿಟ್ಟರ್ ಮುಹಮ್ಮದ್ ಶರೀಫನಿಗೆ ಒಪ್ಪಿಸಿ ಅವನು ಬಾಗಿಲಿಗೆ ಬಂದು ನಿಂತ. ಫೋನು ತೆಗೆದು ಗಿರಿಧರನ ನಂಬರು ಒತ್ತಿದ. ಸ್ವಿಚ್ ಆಫ್.

ಸಂಗತಿ ಇಷ್ಟು. ಗಿರಿಧರ್ ದಾವಣಗೆರೆಯ ಕಡೆಯವನು, ಮನಾಮದ ಒಂದು ಹಣಕಾಸು ಕಂಪನಿಯಲ್ಲಿ ಕೆಲಸ, ಗುಫೂಲಿನಲ್ಲಿ ಮನೆ. ಹೆಂಡತಿ ಭಾನುಮತಿ, ಹತ್ತು ವರ್ಷದ ಮಗಳು ಪ್ರೇರಣಾ. ಈ ಹುಡುಗಿ ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲಿಯೇ. ಶಾಲೆಯ ಪುಸ್ತಕದಲ್ಲಿ ಹಿಮದ ಚಿತ್ರಕ್ಕೆ ಬಿಳಿ ಬಣ್ಣ ಹಚ್ಚಿ ಹಚ್ಚಿ ಅವಳಿಗೆ ಸಾಕಾಗಿತ್ತು. ಸೌದಿಯ ಉತ್ತರದ ತುದಿಯಲ್ಲಿ, ತಬೂಕಿನ ಆಚೆಯ ಬೆಟ್ಟದ ಮೇಲೆ, ಚಳಿಗಾಲದಲ್ಲಿ ಒಂದೆರಡು ಸಲ ಹಿಮ ಬೀಳುತ್ತದೆ ಎಂದು ಎಲ್ಲೋ ಓದಿದ ಗಿರಿಧರ್, ಈ ಸಲ ಮಗಳನ್ನು ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದ.

ಹಟ ಎಂದರೆ ಫೈಲಿನ ಸಮೇತ. ಮೂರು ವಾರದ ಹಿಂದೆ ಒಂದು ದಪ್ಪ ಫೈಲು ಕಂಕುಳಲ್ಲಿಟ್ಟುಕೊಂಡು ಬಂದು, "ಜಯರಾಜಣ್ಣ, ನಂಗೆ ವಿಂಟರ್ ಟೈರ್ ಬೇಕು" ಎಂದಿದ್ದ.

ಜಯರಾಜ ಒಳಗಿದ್ದ ಶರೀಫನನ್ನು ಕೂಗಿದ್ದ. ಉಳ್ಳಾಲದ ಶರೀಫ್ ಅವನಿಗಿಂತ ಐದು ವರ್ಷಕ್ಕೆ ಹಿರಿಯ, ಅವನನ್ನು ಜಯರಾಜ ಕರೆಯುತ್ತಿದ್ದದ್ದೇ ಶರೀಫಾಕ ಎಂದು. "ಶರೀಫಾಕ, ಇಲ್ಲಿ ಕೇಳಿ. ನಲವತ್ತೆಂಟು ಡಿಗ್ರಿಯ ಊರಲ್ಲಿ ಇವರಿಗೆ ಚಳಿಗಾಲದ ಟೈರು ಬೇಕಂತೆ."

ಗಿರಿಧರ್ ನಗಲಿಲ್ಲ. ಫೈಲು ಬಿಚ್ಚಿದ. "ಏಳು ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರು ಗಟ್ಟಿ ಆಗುತ್ತೆ. ಚಳಿಗಾಲದಲ್ಲಿ ಬಾಟ್ಲಿಯೊಳಗೆ ಕೊಬ್ಬರಿ ಎಣ್ಣೆ ಗಟ್ಟಿ ಆಗಲ್ವಾ, ಹಾಗೆ. ಆಮೇಲೆ ಹಿಡಿತಾನೇ ಇರಲ್ಲ."

ಇಪ್ಪತ್ತಾರು ವರ್ಷ ಟೈರಿನ ನಡುವೆಯೇ ಬದುಕಿದ ಜಯರಾಜನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾತಿಯವನೂ ಅವನಲ್ಲ. "ಅದೆಲ್ಲ ನೋಡುವ ಸಾರ್" ಎಂದು ಕಳಿಸಿ, ಶಾರ್ಜಾದ ಒಬ್ಬ ವ್ಯಾಪಾರಿಗೆ ಫೋನು ಹಚ್ಚಿ ಒಂದು ಗಂಟೆ ಪಾಠ ಹೇಳಿಸಿಕೊಂಡ. ಮೊಳೆ ಹೊಡೆದ ಟೈರು ಬರೀ ಮಂಜುಗಡ್ಡೆಗೆ, ಡಾಂಬರಿಗಲ್ಲ. ಅಪ್ಪಟ ಚಳಿಗಾಲದ್ದು ಬೆಣ್ಣೆಯ ಹಾಗೆ ಮೆತ್ತಗೆ, ಬಿಸಿ ರಸ್ತೆಯಲ್ಲಿ ಬೇಗ ಕರಗಿಹೋಗುತ್ತದೆ. ಇವೆರಡರ ನಡುವೆ ಇನ್ನೊಂದು ಉಂಟು, ಎಲ್ಲ ಕಾಲಕ್ಕೂ ಆಗುವಂಥದ್ದು, ಮಗ್ಗುಲಲ್ಲಿ ಬೆಟ್ಟದ ಗುರುತು, ಬೆಟ್ಟದೊಳಗೆ ಹಿಮದ ಹೂವು. ಮಾರನೆಯ ದಿನ ಇದನ್ನೆಲ್ಲ ಹುಟ್ಟಿದಾಗಿನಿಂದ ಬಲ್ಲವನ ಹಾಗೆ ಗಿರಿಧರನಿಗೆ ಹೇಳಿದ. "ನಿಮ್ಮ ಹಿಮ ಇರುವುದು ಇಪ್ಪತ್ತು ಕಿಲೋಮೀಟರ್. ಹೋಗಿ ಬರುವ ಡಾಂಬರು ಮೂರು ಸಾವಿರದ ಮುನ್ನೂರು. ಗಂಡಿಗೆ ಹೆಣ್ಣು ನೋಡುವಾಗ ಮದುವೆಯ ಒಂದು ದಿನಕ್ಕೆ ನೋಡ್ತಾರಾ, ಸಂಸಾರಕ್ಕೆ ನೋಡ್ತಾರಾ? ಹಿಮದ ಹೂವಿನದ್ದು ತಕ್ಕೊಳ್ಳಿ."

ಗಿರಿಧರ್ ಒಂದು ವಾರ ಓದಿ, ಇನ್ನೊಂದು ವಾರ ಯೋಚಿಸಿ ಒಪ್ಪಿದ. ಶಾರ್ಜಾದಿಂದ ನಾಲ್ಕು ಟೈರು ಬಂದವು. ಗುರುವಾರ ಸಂಜೆ ಶರೀಫ್ ನಾಲ್ಕನ್ನೂ ಗಿರಿಧರನ ಬಿಳಿ ಪ್ರಾಡೊ ಕಾರಿಗೆ ಕಟ್ಟಿ, ಗಾಳಿ ನೋಡಿ, ನಮಾಜಿಗೆ ಹೋದ. ಭಾನುಮತಿ ಮಗಳೊಂದಿಗೆ ಕಾರಿನಲ್ಲೇ ಕೂತಿದ್ದಳು. ಆಗ ಗಿರಿಧರ್ ಫೈಲಿನಿಂದ ಕೊನೆಯ ಹಾಳೆ ತೆಗೆದ.

"ಜಯರಾಜಣ್ಣ, ಸ್ಟೆಪ್ನಿ ಎರಡು ಬೇಕು."

"ಗಾಡಿಯ ಅಡಿಯಲ್ಲಿ ಒಂದು ನೇತಾಡ್ತಾ ಉಂಟಲ್ಲ ಸಾರ್. ಜಾತಕ ನೋಡಿದ್ದೇನೆ, ಇಪ್ಪತ್ತಮೂರರದ್ದು. ಸಾಕು."

"ಸೌದಿಯಲ್ಲಿ ಹಾಯಿಲ್ ಊರು ದಾಟಿದ್ಮೇಲೆ ನಾನೂರು ಕಿಲೋಮೀಟರ್ ಏನೂ ಇಲ್ಲ. ಎರಡು ಇಟ್ಕೊಳ್ಳಿ ಅಂತ ಎಲ್ಲರೂ ಬರೆದಿದಾರೆ. ನೀವು ಹೊಂದಿಸ್ತೀರಿ ಅಂದ್ಕೊಂಡಿದ್ದೆ."

ಪ್ರಾಡೊಗೆ ಹೊಂದುವ ಆರು ಬೋಲ್ಟಿನ ತಯಾರು ಚಕ್ರ ಅಂಗಡಿಯಲ್ಲಿ ಬೇರೆ ಇರಲಿಲ್ಲ. ಮಾರನೆಯ ದಿನ ಶುಕ್ರವಾರ, ಎಲ್ಲ ಅಂಗಡಿಗೂ ಬಾಗಿಲು. ಅವರು ಹೊರಡುವುದು ಶುಕ್ರವಾರ ನಸುಕಿಗೆ. ಗಿರಿಧರನ ಮುಖ ಬಾಡಿತು. ಮೂರು ವಾರದಿಂದ ಪ್ರತಿಯೊಂದಕ್ಕೂ "ಅದು ನನಗೆ ಬಿಡಿ" ಎನ್ನುತ್ತ ಬಂದ ಜಯರಾಜನಿಗೆ ಆ ಮುಖ ನೋಡಲಾಗಲಿಲ್ಲ. ಆಗ ಅವನ ಕಣ್ಣು ಕಪಾಟಿನ ಮೇಲೆ ಹೋಯಿತು.

ಅಲ್ಲಿ ಇದ್ದದ್ದು ಪೂಜೆಯ ಚಕ್ರ. ಅಂಗಡಿ ತೆರೆದ ವರ್ಷ ಆಯುಧಪೂಜೆಗೆ ಹೊಚ್ಚ ಹೊಸ ಟೈರನ್ನು ಆರು ಬೋಲ್ಟಿನ ಹೊಸ ರಿಮ್ಮಿಗೆ ಕಟ್ಟಿ ದೇವರ ಮುಂದೆ ಇಟ್ಟದ್ದು, ಅಲ್ಲಿಂದ ಮತ್ತೆ ಇಳಿದಿರಲಿಲ್ಲ. ಪ್ರತಿ ವರ್ಷ ಅದನ್ನು ತೊಳೆದು, ಪಾಲಿಶ್ ಹಾಕಿ, ಗಂಧ ಹಚ್ಚಿ ಕುಂಕುಮ ಇಟ್ಟು, ಜಾಕು ಸ್ಪಾನರುಗಳ ನಡುವೆ ಕೂರಿಸುತ್ತಿದ್ದರು. ಒಂದು ದಿನವೂ ರಸ್ತೆ ಕಾಣದ ಚಕ್ರ. ಅದರ ಹಲ್ಲುಗಳ ನಡುವಿನ ಸಣ್ಣ ರಬ್ಬರ್ ಕೂದಲು ಕೂಡ ಹಾಗೇ ಇತ್ತು. ಜಯರಾಜನ ಮನಸ್ಸಿನಲ್ಲಿ ಅದು ಎಂದೆಂದಿಗೂ ಹೊಸ ಟೈರು. ನಾಲ್ಕು ಅಂಕಿಯ ಜಾಗದ ಮೇಲೆಯೇ ವರ್ಷ ವರ್ಷ ಗಂಧದ ಬೊಟ್ಟು ಬಿದ್ದು ಗಟ್ಟಿಯಾಗಿತ್ತು. ಊರಿಗೆಲ್ಲ ಜಾತಕ ಹೇಳುವವನು ತನ್ನ ದೇವರ ಟೈರಿನ ಜಾತಕ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಕಪಾಟಿನಿಂದ ಇಳಿಸಿ, ಗಾಳಿ ತುಂಬಿಸಿ, ತಾನೇ ಡಿಕ್ಕಿಯಲ್ಲಿಟ್ಟು ಹೇಳಿದ್ದ: "ಇದು ನಮ್ಮ ಅಂಗಡಿಯ ಪೂಜೆಯ ವೀಲ್ ಸಾರ್. ಹೊಸತು. ಬಂದ ಮೇಲೆ ವಾಪಸ್ ಕೊಡಿ. ಇದು ಜೊತೆಗಿದ್ರೆ ನಿಮಗೆ ಒಳ್ಳೆದಾಗ್ತದೆ."

ಭಾನುಮತಿ ಕಾರಿನಿಂದ ಇಳಿದು ಬಂದು ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. ಆ ಹೊತ್ತಿನಲ್ಲಿ ಜಯರಾಜನಿಗೆ ತಾನು ದೊಡ್ಡ ಉಪಕಾರ ಮಾಡಿದೆ ಎನಿಸಿ ಎದೆ ಉಬ್ಬಿತ್ತು.

ಈಗ ಶನಿವಾರ ಹತ್ತು ಗಂಟೆಗೆ ಅವನು ಕಪಾಟಿನ ಎದುರು ನಿಂತು ಲೆಕ್ಕ ಹಾಕುತ್ತಿದ್ದ. ಅಂಗಡಿ ತೆರೆದದ್ದು ಎರಡು ಸಾವಿರದ ಹನ್ನೊಂದು. ತಗಡಿನ ಮಾಡಿನ ಕೆಳಗೆ ಹದಿನಾಲ್ಕು ಬೇಸಿಗೆ. ಜಾನನ ಟೈರಿಗೆ ಹಪ್ಪಳ ಎಂದವನು ಇದಕ್ಕೆ ಏನೆನ್ನಬೇಕು?

ವಾಟ್ಸಾಪಿನಲ್ಲಿ ಬರೆದ: 'ಸಾರ್, ಡಿಕ್ಕಿಯಲ್ಲಿರುವ ವೀಲ್ ಹಾಕಬೇಡಿ. ಫೋನ್ ಮಾಡಿ.' ಒಂದೇ ಟಿಕ್ ಬಿತ್ತು. ಭಾನುಮತಿಯ ನಂಬರಿಗೂ ಕಳಿಸಿದ. ಅಲ್ಲೂ ಒಂದೇ. ಮರುಭೂಮಿಯ ನಡುವೆ ಸಿಗ್ನಲ್ ಇಲ್ಲವೇನೋ.

"ಸ್ಟೆಪ್ನಿ ಅಲ್ವಾ ಜಯಣ್ಣ" ಎಂದ ಶರೀಫ್, ವಿಷಯ ಕೇಳಿದ ಮೇಲೆ. "ಪಂಚರ್ ಆದ್ರೆ ತಾನೇ ತೆಗೆಯುವುದು. ಆದ್ರೂ ಅಡಿಯಲ್ಲಿ ಒಳ್ಳೇದು ಒಂದು ಉಂಟು."

ಅದೂ ನಿಜವೇ. ಹೊಸ ಟೈರು ನಾಲ್ಕು, ಒಳ್ಳೆಯ ಸ್ಟೆಪ್ನಿ ಒಂದು. ಪೂಜೆಯದಕ್ಕೆ ಸರದಿ ಬರುವುದೇ ಇಲ್ಲ. ಜಯರಾಜ ಹಾಗೆಂದುಕೊಂಡು ಒಂದು ಕಾರಿನ ಚಕ್ರ ಬಿಚ್ಚಲು ಕೂತ. ಎರಡು ಬೋಲ್ಟು ಬಿಚ್ಚಿ ಎದ್ದ. ಅಡಿಯಲ್ಲಿರುವುದನ್ನು ಇಳಿಸಬೇಕಾದರೆ ಮರಳಿನಲ್ಲಿ ಅಂಗಾತ ಮಲಗಬೇಕು, ಡಿಕ್ಕಿಯದ್ದು ಬಾಗಿಲು ತೆರೆದರೆ ಕೈಗೇ ಸಿಗುತ್ತದೆ. ಮತ್ತೆ ಕೂತ. ಮತ್ತೆ ಎದ್ದ. ಚಹಾ ತರಿಸಿ, ಕುಡಿಯದೆ ತಣ್ಣಗಾಗಿಸಿ, ಚೆಲ್ಲಿದ. ಬೀದಿಯ ತುದಿಯವರೆಗೆ ನಡೆದು ಬಂದ. ಕಾಲು ಸುಟ್ಟ ಬೆಕ್ಕಿನ ಹಾಗೆ ಅವನು ಅಂಗಡಿಯೊಳಗೆ ಹೊರಗೆ ಮಾಡುವುದನ್ನು ಕಂಡು ಗಿರಾಕಿಗಳಿಗೇ ಗಾಬರಿಯಾಗತೊಡಗಿತು.

ಹನ್ನೊಂದರ ಹೊತ್ತಿಗೆ ಮೇಜಿನ ಮೇಲೆ ಗಿರಿಧರ್ ಬಿಟ್ಟುಹೋದ ಹಾಳೆ ಕಣ್ಣಿಗೆ ಬಿತ್ತು. ಪ್ರಯಾಣದ ಇಡೀ ವೇಳಾಪಟ್ಟಿ. ಗುರುವಾರ ಅದನ್ನು ನೋಡಿ, ರೈಲು ಓಡಿಸ್ತೀರಾ ಸಾರ್ ಎಂದು ಗೇಲಿ ಮಾಡಿದ್ದ. ಈಗ ಅದನ್ನೇ ಎರಡೂ ಕೈಯಲ್ಲಿ ಹಿಡಿದು ಓದಿದ. ಶುಕ್ರವಾರ ರಾತ್ರಿ ಹಾಯಿಲ್. ಶನಿವಾರ ಏಳೂವರೆಗೆ ಅಲ್ಲಿಂದ ಹೊರಡುವುದು. ಹನ್ನೆರಡೂ ಕಾಲಿಗೆ ತೈಮಾ ಊರಿನ ಪೆಟ್ರೋಲ್ ಪಂಪಿನ ಪಕ್ಕದ ಮಲಯಾಳಿ ಹೋಟೆಲಿನಲ್ಲಿ ಊಟ. ಆ ಹೋಟೆಲಿನ ನಂಬರೂ ಇತ್ತು. ಊಟಕ್ಕೆ ಮೊದಲೇ ಹೇಳಿಟ್ಟಿದ್ದಾನೆ, ಮಹರಾಯ.

ಜಯರಾಜನಿಗೆ ಮಲಯಾಳ ಬಾರದು. ಆದರೆ ಶರೀಫನ ಮನೆಮಾತು ಬ್ಯಾರಿ, ಅದಕ್ಕೂ ಮಲಯಾಳಕ್ಕೂ ಅಕ್ಕತಂಗಿಯರ ಸಂಬಂಧ. ಶರೀಫ್ ಕೈ ಒರೆಸಿಕೊಂಡು ಫೋನು ಹಿಡಿದ. ಆ ಕಡೆಯವನು ಕಾಸರಗೋಡಿನವನು ಎಂದು ಗೊತ್ತಾದದ್ದೇ ಇಬ್ಬರೂ ನೆಂಟರ ಹಾಗೆ ಮಾತಿಗಿಳಿದರು. ಜಯರಾಜ ಪಕ್ಕದಲ್ಲಿ ನಿಂತು ಕೈ ಹಿಸುಕಿಕೊಂಡ.

"ಬಿಳಿ ಪ್ರಾಡೊ, ಬಹ್ರೈನ್ ನಂಬರ್, ಗಂಡ ಹೆಂಡತಿ ಒಂದು ಹೆಣ್ಣುಮಗು. ಬಂದ ಕೂಡಲೇ ಫೋನ್ ಮಾಡಿಸ್ತೇನೆ ಅಂತ ಹೇಳಿದ್ದಾನೆ" ಎಂದ ಶರೀಫ್. "ಇನ್ನಾದ್ರೂ ಕೂತ್ಕೊಳ್ಳಿ ಜಯಣ್ಣ."

ಹನ್ನೆರಡೂ ಕಾಲಾಯಿತು. ಫೋನು ಬರಲಿಲ್ಲ. ಹನ್ನೆರಡೂವರೆಗೆ ಜಿಂಜ್ ಬಡಾವಣೆಯ ಮನೆಯಿಂದ ಹೆಂಡತಿ ಸುಜಾತಾ ಬುತ್ತಿ ತಂದಳು. ಗಂಡನ ಮುಖ ನೋಡಿ, ಏನೆಂದು ಶರೀಫನಿಂದ ತಿಳಿದುಕೊಂಡು, ಬುತ್ತಿಯ ಮುಚ್ಚಳ ತೆಗೆಯದೆ ಕೂತಳು.

"ಆ ಸಾರ್ ಒಂದು ನಿಮಿಷ ಆಚೀಚೆ ಆಗುವ ಮನುಷ್ಯ ಅಲ್ಲ" ಎಂದ ಜಯರಾಜ. "ಹನ್ನೆರಡೂ ಕಾಲು ಅಂದ್ರೆ ಹನ್ನೆರಡೂ ಹತ್ತಕ್ಕೆ ಅಲ್ಲಿರ್ತಾರೆ."

"ಮಗು ಎಲ್ಲಾದ್ರೂ ಒಂಟೆ ನೋಡ್ಬೇಕು ಅಂತ ಹೇಳಿರ್ಬಹುದು. ನೀವು ಕೆಟ್ಟದ್ದೇ ಯಾಕೆ ಯೋಚನೆ ಮಾಡ್ತೀರಿ?" ಸುಜಾತಾ ಸ್ವಲ್ಪ ತಡೆದು, ದನಿ ತಗ್ಗಿಸಿದಳು. "ಒಂದು ಹೇಳ್ತೇನೆ ಕೇಳಿ. ಅವರು ಫೋನಿಗೆ ಸಿಕ್ಕಿದ್ರೆ ಆ ವೀಲ್ ಹಾಕ್ಬೇಡಿ ಅಂತ ಮಾತ್ರ ಹೇಳಿ. ಹಳೇದು ಗಿಳೇದು ಅಂತ ಹೇಳ್ಲಿಕ್ಕೆ ಹೋಗ್ಬೇಡಿ. ಟೈರಿನ ವಯಸ್ಸು ನೋಡುವ ಜಯಣ್ಣನೇ ಹದಿನಾಲ್ಕು ವರ್ಷದ್ದು ಕೊಟ್ಟ ಅಂತ ಆದ್ರೆ, ನಾಳೆ ಯಾರು ಬರ್ತಾರೆ ಇಲ್ಲಿಗೆ?"

ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು. ಜನ ಹೀಗೆ ಆಡಿಕೊಳ್ಳುವುದು ಜಯರಾಜನಿಗೆ ಕಿವಿಯಲ್ಲೇ ಕೇಳಿಸಿತು. ಅದರ ಹಿಂದೆಯೇ ಕಣ್ಣಿಗೆ ಇನ್ನೊಂದು ಕಟ್ಟಿತು: ಯಾರೂ ಇಲ್ಲದ ರಸ್ತೆ, ಮಗುಚಿದ ಬಿಳಿ ಕಾರು, ಮೇಲೆ ಸುತ್ತುತ್ತಿರುವ ಚಕ್ರದಲ್ಲಿ ಕುಂಕುಮ. ಅವನು ಎದ್ದು ನೀರಿನ ನಲ್ಲಿಗೆ ಹೋಗಿ ಮುಖ ತೊಳೆದ. ತೊಳೆದ ಮುಖವನ್ನೇ ಮತ್ತೆ ತೊಳೆದ.

ಒಂದು ಗಂಟೆ. ಶರೀಫ್ ಹೋಟೆಲಿಗೆ ತಾನೇ ಮತ್ತೆ ಫೋನು ಮಾಡಿದ. ಬಂದಿಲ್ಲ. ಒಂದೂ ಇಪ್ಪತ್ತು. ಬಂದಿಲ್ಲ. ಜಯರಾಜ ಕಪಾಟಿನ ಎದುರು ಹೋಗಿ ಗಣಪತಿಯ ಫೋಟೊ ನೋಡಿದ. ಕೈ ಮುಗಿಯಲು ನಾಚಿಕೆಯಾಯಿತು. ತಾನು ಮಾಡಿದ್ದನ್ನು ಸರಿಮಾಡು ಎಂದು ಯಾವ ಬಾಯಿಯಲ್ಲಿ ಕೇಳುವುದು?

ಒಂದೂ ನಲವತ್ತಕ್ಕೆ ಶರೀಫನ ಫೋನು ಬಡಿದುಕೊಂಡಿತು. ಎರಡು ಮಾತು ಕೇಳಿ ಅವನು ಅದನ್ನು ಜಯರಾಜನ ಕೈಗೆ ಕೊಟ್ಟ. ಆ ಕಡೆ ಗಿರಿಧರ್.

"ಏನು ಜಯರಾಜಣ್ಣ, ಹೋಟ್ಲಿನವರು ಊಟ ಕೊಡೋಕ್ಮುಂಚೆ ಫೋನ್ ಕೊಡ್ತಿದಾರೆ?"

"ಸಾರ್, ಎಲ್ಲರೂ ಸರಿ ಇದ್ದೀರಲ್ಲ?"

"ಚೆನ್ನಾಗಿದೀವಿ. ಸ್ವಲ್ಪ ಲೇಟಾಯ್ತು ಅಷ್ಟೆ. ಹಾಯಿಲಿಂದ ಎಂಬತ್ತು ಕಿಲೋಮೀಟರ್ ಬಂದಿದ್ವಿ, ಹಿಂದಿನ ಚಕ್ರಕ್ಕೆ ಕಬ್ಬಿಣದ ತುಂಡು ಹೊಕ್ಕು ಪಂಚರ್. ನಾನು ಅಡಿಗೆ ಹೋಗಿ ಸ್ಟೆಪ್ನಿ ಇಳಿಸೋಣ ಅಂತಿದ್ದೆ. ಭಾನು ಬಿಡಲಿಲ್ಲ. ಪೂಜೆ ಆಗಿರೋದು ಕೈಗೇ ಸಿಗ್ತಿರೋವಾಗ ಅದನ್ನ ಬಿಟ್ಟು ಬೇರೇದು ಯಾಕೆ ಅಂದ್ಲು. ಅದನ್ನೇ ಹಾಕ್ಕೊಂಡು ಬಂದ್ವಿ. ನೂರಾಹತ್ತರಲ್ಲಿ ಬಂದ್ರೂ ಒಂಚೂರು ಅಲುಗಾಡ್ಲಿಲ್ಲ."

ಜಯರಾಜ ಗೋಡೆಗೆ ಕೈ ಕೊಟ್ಟ. ಮುನ್ನೂರು ಕಿಲೋಮೀಟರ್. ನೂರಾಹತ್ತರಲ್ಲಿ.

"ಸಾರ್, ಈಗ ಕಾರಿನ ಹತ್ತಿರ ಹೋಗಿ. ಆ ಚಕ್ರದ ಒಳಗಿನ ಬದಿಗೆ ಟಾರ್ಚ್ ಹಾಕಿ ನೋಡಿ. ಮುಟ್ಟಬೇಡಿ, ನೋಡಿ ಮಾತ್ರ."

ಹೆಜ್ಜೆಯ ಸದ್ದು, ಕಾರಿನ ಬಾಗಿಲ ಸದ್ದು. ಸುಜಾತಾ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಜಯರಾಜಣ್ಣ" ಎಂದ ಗಿರಿಧರ್. ಅವನ ದನಿ ಬೇರೆಯಾಗಿತ್ತು. "ಇಲ್ಲೊಂದು ಉಬ್ಬು ಇದೆ. ಅರ್ಧ ತೆಂಗಿನಕಾಯಿ ಅಷ್ಟಿದೆ."

"ಮಗುವನ್ನು ದೂರ ಕರೆದುಕೊಂಡು ಹೋಗ್ಲಿಕ್ಕೆ ಹೇಳಿ. ಅದರ ಗಾಳಿ ತೆಗೆದು, ಬಿಚ್ಚಿ, ಅಡಿಯದ್ದು ಹಾಕಿ. ಪಕ್ಕದ ಪಂಪಿನಲ್ಲಿ ಪಂಚರಿನವನು ಇರ್ತಾನೆ, ಅವನಿಂದ ಮಾಡಿಸಿ. ಪಂಚರ್ ಆದದ್ದನ್ನೂ ಅಲ್ಲೇ ಸರಿ ಮಾಡಿಸಿ, ಅದು ನಿಮಗೆ ಸ್ಟೆಪ್ನಿ ಆಯ್ತು."

"ನಿಮಗೆ ಹೇಗೆ ಗೊತ್ತಾಯ್ತು?"

ಜಯರಾಜನ ನಾಲಗೆಯ ತುದಿಗೆ ಬಂದಿತ್ತು. ಸುಜಾತಾ ಸಣ್ಣಗೆ ತಲೆಯಾಡಿಸಿದಳು, ಬೇಡ ಎಂದು.

"ಯಾಕೋ ಬೆಳಿಗ್ಗೆಯಿಂದ ಮನಸ್ಸಿಗೆ ಸರಿ ಬರ್ಲಿಲ್ಲ ಸಾರ್" ಎಂದುಬಿಟ್ಟ.

ಆ ಒಂದು ಮಾತು ಅವನ ಕುತ್ತಿಗೆಗೆ ಸುತ್ತಿಕೊಂಡಿತು. ಭಾನುವಾರ ಸಂಜೆಯಾಗುವುದರೊಳಗೆ ಭಾನುಮತಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದಿದ್ದಳು. ಉಬ್ಬಿದ ಟೈರಿನ ಫೋಟೊ, ಹಿಮದಲ್ಲಿ ಕೈಯೂರಿ ನಗುವ ಪ್ರೇರಣಾಳ ಫೋಟೊ, ನಡುವೆ ಕೈಮುಗಿದ ಸಾಲು ಸಾಲು ಚಿಹ್ನೆಗಳು. ಅಷ್ಟು ದೊಡ್ಡ ಉಬ್ಬು ಬಂದರೂ ಒಡೆಯದೆ ಮುನ್ನೂರು ಕಿಲೋಮೀಟರ್ ಹೊತ್ತದ್ದು ಪೂಜೆಯ ಚಕ್ರ. ಇಲ್ಲಿ ಸಲ್ಮಾಬಾದಿನಲ್ಲಿ ಕೂತ ಜಯರಾಜಣ್ಣನ ಮನಸ್ಸಿಗೆ ದೇವರೇ ಸೂಚನೆ ಕೊಟ್ಟ. ಇದು ಅವಳ ಬರಹದ ಸಾರಾಂಶ.

ಮುಂದಿನ ಆರು ದಿನ ಜಯರಾಜನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಗಳುವ ಫೋನುಗಳು ಬಂದವು. ಜಾನ್ ಬಂದು, "ಬರುವ ವಾರ ಕುವೈತಿಗೆ ಹೋಗ್ಲಿಕ್ಕುಂಟು ಜಯಣ್ಣ. ನನಗೂ ಒಂದು ಪೂಜೆ ಮಾಡಿದ ವೀಲ್ ಇಟ್ಟು ಕೊಡಿ, ನಮಗೆ ಯಾವ ದೇವರಾದ್ರೂ ಆದೀತು" ಎಂದು ಹೋದ. ಅದನ್ನು ಕೇಳಿ ಶರೀಫ್ ನಕ್ಕ. ಜಯರಾಜನಿಗೆ ನಗು ಬರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಹೊಗಳಿಕೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಚುಚ್ಚುತ್ತಿತ್ತು. ಊಟಕ್ಕೆ ಕೂತರೆ ಅನ್ನ ಇಳಿಯದು. ಯಾರಾದರೂ ಟೈರಿನ ಜಾತಕ ನೋಡಿ ಎಂದರೆ, ಶರೀಫಾಕ ನೋಡ್ತಾರೆ ಎಂದು ಒಳಗೆ ಹೋಗುತ್ತಿದ್ದ.

"ಯಾರಿಗೂ ಎಂತದ್ದೂ ಆಗ್ಲಿಲ್ಲ" ಎಂದಳು ಸುಜಾತಾ. "ಇನ್ನು ಯಾಕೆ ಕೊರಗುವುದು? ಸುಮ್ಮನಿದ್ರೆ ಆಯ್ತು."

"ಸುಮ್ಮನಿದ್ದದ್ದಕ್ಕೇ ಅದು ಪವಾಡ ಆದದ್ದು" ಎಂದ ಜಯರಾಜ.

ಮುಂದಿನ ಶನಿವಾರ ಸಂಜೆ ಬಿಳಿ ಪ್ರಾಡೊ ಅಂಗಡಿಯ ಮುಂದೆ ಬಂದು ನಿಂತಿತು. ಗಿರಿಧರ್ ಡಿಕ್ಕಿಯಿಂದ ಚಕ್ರ ಇಳಿಸಿದ. ಅದನ್ನು ತೊಳೆದು ಹೊಸದಾಗಿ ಕುಂಕುಮ ಇಟ್ಟಿದ್ದರು. ಭಾನುಮತಿಯ ಕೈಯಲ್ಲಿ ತೆಂಗಿನಕಾಯಿ, ಮಲ್ಲಿಗೆಯ ಮಾಲೆ. ಪ್ರೇರಣಾ ಹಿಮ ಹೇಗಿತ್ತು ಎಂದು ಶರೀಫನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಂಗಡಿಗೆ ಬಂದಿದ್ದ ಸುಜಾತಾ ಚಹಾ ತರಲು ಎದ್ದಳು.

"ಅಣ್ಣ, ಇದನ್ನ ಇದರ ಜಾಗದಲ್ಲೇ ಇಡಿ. ಇನ್ಮೇಲೆ ಯಾರಿಗೂ ಕೊಡ್ಬೇಡಿ" ಎಂದಳು ಭಾನುಮತಿ.

ಜಯರಾಜ ಚಿಂದಿ ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ಬಂದು ಚಕ್ರದ ಮುಂದೆ ಕೂತ. ಹೊಸ ಕುಂಕುಮ ಒರೆಸಿದ. ಅದರ ಕೆಳಗಿನ ಗಂಧ ಕಲ್ಲಾಗಿತ್ತು, ಉಗುರಿನಿಂದ ಕೆರೆದು ತೆಗೆದ. ಭಾನುಮತಿ ಹಾರವನ್ನು ಹಿಡಿದುಕೊಂಡೇ ನಿಂತಿದ್ದಳು.

"ಅಕ್ಕ, ಇಲ್ಲಿ ಓದಿ."

ಅವಳು ಬಗ್ಗಿ ನೋಡಿದಳು. "ಇಪ್ಪತ್ತೆರಡು... ಹನ್ನೊಂದು."

ಗಿರಿಧರನಿಗೆ ತಕ್ಷಣ ಅರ್ಥವಾಯಿತು. ಅವನ ಫೈಲಿನಲ್ಲಿ ಅದೂ ಇತ್ತು. "ಎರಡು ಸಾವಿರದ ಹನ್ನೊಂದಾ?" ಎಂದ ಮೆಲ್ಲಗೆ.

"ಹೌದು ಸಾರ್. ಗುರುವಾರ ನಾನು ಇದನ್ನು ನೋಡಿಯೇ ಇರ್ಲಿಲ್ಲ. ದೇವರ ಮುಂದೆ ಇದ್ದದ್ದಲ್ವಾ, ಹೊಸತು ಅಂತಲೇ ತಲೆಯಲ್ಲಿತ್ತು. ಶನಿವಾರ ಜಾನ್‌ಗೆ ಹಳೇ ಸ್ಟೆಪ್ನಿ ಹಾಕಬೇಡ ಅಂತ ಬುದ್ಧಿ ಹೇಳುವಾಗ ನನಗೆ ಹೊಳೆದದ್ದು. ಸೂಚನೆ ಗೀಚನೆ ಎಂತದ್ದೂ ಇಲ್ಲ. ಫೋನಿನಲ್ಲಿ ನಿಮಗೆ ನಿಜ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ." ಅವನು ಭಾನುಮತಿಯ ಕಡೆ ತಿರುಗಿದ. "ನಿಮ್ಮನ್ನು ದೇವರು ಕಾಪಾಡಿದನಾ ಇಲ್ವಾ ನನಗೆ ಗೊತ್ತಿಲ್ಲ ಅಕ್ಕ. ಅಪಾಯದಲ್ಲಿ ಇಟ್ಟದ್ದು ಮಾತ್ರ ನಾನು."

ಸುಜಾತಾ ಚಹಾದ ತಟ್ಟೆ ಹಿಡಿದು ಅಲ್ಲಿಯೇ ನಿಂತಳು.

ಭಾನುಮತಿ ಮಗಳನ್ನು ಹತ್ತಿರ ಕರೆದು ಭುಜ ಹಿಡಿದುಕೊಂಡಳು. "ಪ್ರೇರಣಾ ಹಿಂದಿನ ಸೀಟಲ್ಲಿ, ಆ ಚಕ್ರದ ಮೇಲೇ ಕೂತಿದ್ಲು" ಎಂದಳು. "ಪೂಜೆದು ಅಂತ ನಾನೇ ಅದನ್ನ ಹಾಕಿಸ್ದೆ. ಒಳ್ಳೆದಾಗ್ತದೆ ಅಂತ ನೀವೇ ಹೇಳಿದ್ರಲ್ಲ ಅಣ್ಣ."

"ಹೇಳಿದ್ದೆ" ಎಂದ ಜಯರಾಜ.

ಅವನು ವಾಲ್ವು ತಿರುಗಿಸಿ ಚಕ್ರದಲ್ಲಿ ಉಳಿದಿದ್ದ ಗಾಳಿ ಬಿಟ್ಟ. ಚೂರಿ ತಂದ. ಹದಿನಾಲ್ಕು ವರ್ಷ ಅಗರಬತ್ತಿ ಹಚ್ಚಿದ ಕೈ ಒಂದು ಕ್ಷಣ ಮೇಲೇಳಲಿಲ್ಲ. ಶರೀಫ್ ಮುಂದೆ ಬಂದು, "ನಾನು ಮಾಡ್ತೇನೆ ಜಯಣ್ಣ" ಎಂದ. ಬೇಡವೆಂದು ತಲೆಯಾಡಿಸಿ ಜಯರಾಜ ತಾನೇ ಟೈರಿನ ಮಗ್ಗುಲಿಗೆ ಚೂರಿ ಇಳಿಸಿದ. ಒಳ್ಳೆಯ ರಬ್ಬರು ಚೂರಿಯನ್ನು ಹಿಡಿದುಕೊಳ್ಳುತ್ತದೆ, ಎಳೆಯಲು ರಟ್ಟೆ ಬೇಕು. ಇದು ಸುಮ್ಮನೆ ಬಿಟ್ಟುಕೊಟ್ಟಿತು. ಸೀಳಿದ ಜಾಗದಿಂದ ಕಪ್ಪು ಪುಡಿ ನೆಲಕ್ಕೆ ಉದುರಿತು. ಗಿರಿಧರ್ ಬಗ್ಗಿ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಕೈ ಒರೆಸಿಕೊಂಡ.

ಭಾನುಮತಿ ತೆಂಗಿನಕಾಯಿಯನ್ನೂ ಮಾಲೆಯನ್ನೂ ಮೇಜಿನ ಮೇಲೆ ಇಟ್ಟು ಕಾರಿನ ಕಡೆ ನಡೆದಳು. ಮುಗಿಯಿತು, ಇನ್ನು ಇವರು ಈ ಬಾಗಿಲಿಗೆ ಬರುವವರಲ್ಲ ಎಂದುಕೊಂಡ ಜಯರಾಜ. ಆದರೂ ಏಳು ದಿನದಲ್ಲಿ ಮೊದಲ ಸಲ ಉಸಿರು ತಡೆಯಿಲ್ಲದೆ ಒಳಗೆ ಹೋಯಿತು.

ಅವಳು ಕಾರು ಹತ್ತಲಿಲ್ಲ. ಮುಂದಿನ ಚಕ್ರದ ಪಕ್ಕ ನಿಂತು ತಿರುಗಿ ನೋಡಿದಳು.

"ಬನ್ನಿ ಅಣ್ಣ. ಇದರದ್ದು ಎಲ್ಲಿ ಬರೆದಿರುತ್ತೆ, ನಂಗೂ ತೋರಿಸಿ."

ಜಯರಾಜ ಚೂರಿ ಕೆಳಗಿಟ್ಟು ಬಂದು ಮೊಣಕಾಲೂರಿದ. ಧೂಳು ಒರೆಸಿ ಓದಿದ. ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಕಾರಿನಡಿ ಅಂಗಾತ ಮಲಗಿ ಸ್ಟೆಪ್ನಿಗೂ ಬೆಳಕು ಹಾಕಿದ. ಅವನು ಹೇಳಿದ ಒಂದೊಂದು ಅಂಕಿಯನ್ನೂ ಭಾನುಮತಿ ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ತಾನೇ ಓದಿ ನೋಡಿದಳು.